ಪುಟ್ಟ ಪೊಮೆರೇನಿಯನ್

ಈ ನಾಯಿಯ ತೂಕ ಮೂರು ಕಿಲೋ ಆಸುಪಾಸು. ಗತ್ತು ಮಾತ್ರ ಉತ್ತರದ ಹಿಮದಲ್ಲಿ ಜಾರುಬಂಡಿ ಎಳೆದ ಸ್ಪಿಟ್ಜ್ ಜಾತಿಯ ಹಿರಿಯರದೇ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯಿಂದ ಸಣ್ಣ ಪೊಮೆರೇನಿಯನ್‌ಗಳನ್ನು ತಂದ ಮೇಲೆ ಇಂಗ್ಲೆಂಡಿನಲ್ಲಿ ಚಿಕ್ಕ ಗಾತ್ರಕ್ಕೇ ಬೇಡಿಕೆ ಬಂತು. ನಮ್ಮಲ್ಲಿ ಪೊಮೆರೇನಿಯನ್ ಎಂದು ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಅವೂ ಚೆಲುವಿನವೇ, ತಳಿ ಬೇರೆ.

ನನಗೆ ಅಚ್ಚರಿ ಪೊಮೆರೇನಿಯನ್‌ನ ತುಪ್ಪಳ. ಒಳಗೆ ಒತ್ತಾದ ಮೆತ್ತನೆಯ ಕೂದಲು, ಹೊರಗೆ ನೆಟ್ಟಗೆ ನಿಲ್ಲುವ ಒರಟು ಕೂದಲು. ಮೇಲೆಮೇಲೆ ಬಾಚಿದರೆ ಸಾಲದು, ಬೈತಲೆ ತೆಗೆದು ಬುಡದವರೆಗೂ ಬಾಚಬೇಕು. ಕಿವಿಯ ಹಿಂದೆ ಬಲುಬೇಗ ಗಂಟು ಕಟ್ಟುತ್ತದೆ. ಬೇಸಿಗೆಯೆಂದು ಬೋಳಿಸಬೇಡಿ, ಕೂದಲು ಮೊದಲಿನಂತೆ ಬಾರದೇ ಹೋಗಬಹುದು. ಮಂಡಿಚಿಪ್ಪು ಜಾರುವ ತಳಿಯಿದು, ಎತ್ತರದಿಂದ ಜಿಗಿಯಲು ಬಿಡಬಾರದು. ಶ್ವಾಸನಾಳವೂ ನಾಜೂಕು. ದಯವಿಟ್ಟು ಕತ್ತಿನ ಪಟ್ಟಿ ಹಿಡಿದು ಎಳೆಯಬೇಡಿ, ಎದೆಗೆ ತೊಡಿಸುವ ಹಾರ್ನೆಸ್ ಕೊಳ್ಳಿ.