ಮರೆಯಾಗುವ ಎರಡೂವರೆ ನಿಮಿಷ

2016ರ ಮೇ 29. ಪಿರಿಯಾಪಟ್ಟಣದ ಕಡೆ ತಂಬಾಕಿನ ಸಸಿ ನೆಡುವ ದಿನಗಳು. ಹೊಲದಿಂದ ಬಂದವರು ಕೈಕಾಲು ತೊಳೆದು ಟೀವಿ ಮುಂದೆ ಕೂತಿದ್ದೆವು. ಚಿನ್ನಸ್ವಾಮಿಯಲ್ಲಿ ಐಪಿಎಲ್ ಫೈನಲ್. ಹೈದರಾಬಾದಿನ ಇಪ್ಪತ್ತನೇ ಓವರಿಗೆ ಆರ್‌ಸಿಬಿ ನಾಯಕ ಕೊಹ್ಲಿ ಚೆಂಡನ್ನು ಶೇನ್ ವಾಟ್ಸನ್ ಕೈಗಿತ್ತರು. ಬೆನ್ ಕಟಿಂಗ್ ಬ್ಯಾಟು ಬೀಸಿದ ಆ ಓವರಿನಲ್ಲಿ 24 ರನ್ ಹೋಯಿತು. ಕೊನೆಗೆ ಆರ್‌ಸಿಬಿ ಸೋತದ್ದು 8 ರನ್ನಿನಿಂದ.

ಹುಣಸೂರಿನ ಟೀ ಅಂಗಡಿಗಳಲ್ಲಿ, ಎಚ್.ಡಿ. ಕೋಟೆ ಬಸ್ಸಿನಲ್ಲಿ ಆ ಓವರಿನ ಮಾತು ವರ್ಷಗಟ್ಟಲೆ ನಡೆಯಿತು. ಕೊಹ್ಲಿಯನ್ನು ನಾನೂ ಬೈದೆ. ಆದರೆ ಆ ವರ್ಷ ವಾಟ್ಸನ್ 20 ವಿಕೆಟ್ ಕಿತ್ತಿದ್ದರು. ತಂಡದಲ್ಲಿ ಅವರಿಗಿಂತ ಮುಂದಿದ್ದವರು 21 ವಿಕೆಟ್ ಪಡೆದ ಚಾಹಲ್ ಒಬ್ಬರೇ. ನಂಬಿದ ಬೌಲರ್‌ಗೆ ಚೆಂಡು ಕೊಟ್ಟದ್ದು ತಪ್ಪೋ, ಅವರಿಗೆ ಹಾಕಿಕೊಟ್ಟ ಫೀಲ್ಡ್ ತಪ್ಪೋ? ಇದನ್ನು ತೂಗಿ ನೋಡಲು ಬೇಕಾದ್ದನ್ನು ಟೀವಿ ನಮಗೆ ತೋರಿಸಲೇ ಇಲ್ಲ.

ನನ್ನ ಮುಖ್ಯ ತಕರಾರು ಇದೇ. ಆರನೇ ಚೆಂಡು ಕೀಪರ್ ಕೈ ಸೇರುವಷ್ಟರಲ್ಲಿ ಜಾಹೀರಾತು. ಮರಳಿ ಬರುವಾಗ ಬೌಲರ್ ಓಡಲು ಶುರುಮಾಡಿರುತ್ತಾನೆ. ನಾಯಕ ಯಾರನ್ನು ಎಲ್ಲಿಂದ ಎಲ್ಲಿಗೆ ಸರಿಸಿದ, ಬೌಲರ್ ಒಪ್ಪಿದನೋ ಇಲ್ಲವೋ, ಅದೆಲ್ಲ ಮುಗಿದುಹೋಗಿರುತ್ತದೆ. ಒಂದು ಪಂದ್ಯಕ್ಕೆ ನಾಲ್ಕು ಟೈಮ್‌ಔಟ್, ಒಂದೊಂದೂ ಎರಡೂವರೆ ನಿಮಿಷ. ಕೋಚ್ ಮೈದಾನಕ್ಕಿಳಿದು ಮಾತಾಡುವುದು ಆಗಲೇ; ಪರದೆಯ ಮೇಲೆ ಆಗಲೂ ಜಾಹೀರಾತು. ತೀರ್ಮಾನ ಹುಟ್ಟುವ ಹೊತ್ತನ್ನು ಮರೆಮಾಡಿ, ಸಿಕ್ಸರನ್ನು ಮಾತ್ರ ನಾಲ್ಕು ಕೋನದಿಂದ ತೋರಿಸಿದರೆ ನೋಡುವವನಿಗೆ ಉಳಿಯುವುದು ಸಿಟ್ಟೊಂದೇ. ಕೆ.ಆರ್. ನಗರದ ಬಯಲಿನಲ್ಲಿ ಟೆನಿಸ್ ಬಾಲ್ ಆಡುವ ಹುಡುಗನಿಗೂ ಡೀಪ್ ಮಿಡ್‌ವಿಕೆಟ್‌ನಲ್ಲಿ ಯಾಕೆ ಆಳು ನಿಲ್ಲಿಸುತ್ತಾರೆಂದು ಗೊತ್ತು. ಪ್ರೇಕ್ಷಕನಿಗೆ ಇದೆಲ್ಲ ಬೇಡ ಎಂದು ತೀರ್ಮಾನಿಸಿದವರು ನಮ್ಮನ್ನು ಸರಿಯಾಗಿ ತಿಳಿದಿಲ್ಲ.

ಹರಾಜಿನ ಟೇಬಲ್ಲಿನ ನಿರ್ಧಾರಗಳ ಮಾತು ಬೇರೆ. ಅವು ಎಲ್ಲರ ಕಣ್ಣೆದುರೇ ನಡೆದವು, ಅಲ್ಲಿ ನನ್ನ ಸಿಟ್ಟನ್ನು ಹಿಂತೆಗೆದುಕೊಳ್ಳುವುದಿಲ್ಲ. 2016ರಲ್ಲಿ 397 ರನ್ ಹೊಡೆದ ನಮ್ಮ ಕೆ.ಎಲ್. ರಾಹುಲ್, ಭುಜದ ಗಾಯದಿಂದ ಮರುವರ್ಷ ಆಡಲಿಲ್ಲ. 2018ಕ್ಕೆ ಆರ್‌ಸಿಬಿ ಕೊಹ್ಲಿ, ಡಿವಿಲಿಯರ್ಸ್ ಜೊತೆ ಸರ್ಫರಾಜ್ ಖಾನ್ ಅವರನ್ನು ಉಳಿಸಿಕೊಂಡು ರಾಹುಲ್‌ರನ್ನು ಬಿಟ್ಟಿತು. ಆ ವರ್ಷ ಪಂಜಾಬಿಗೆ ರಾಹುಲ್ ಗಳಿಸಿದ್ದು 659 ರನ್. ಚಾಹಲ್ ವಿಷಯದಲ್ಲೂ ಅದೇ ಆಯಿತು: ಕೈಬಿಟ್ಟ ಮೇಲೆ, 2022ರಲ್ಲಿ ರಾಜಸ್ಥಾನಕ್ಕೆ 27 ವಿಕೆಟ್. ಮನೆಯ ಹುಡುಗನ ಮೇಲೆ ತಾಳ್ಮೆ ಇಡದ ತಂಡವನ್ನು ನಮ್ಮದು ಎನ್ನುವಾಗ ಗಂಟಲು ಕಟ್ಟುತ್ತಿತ್ತು.

ಕನ್ನಡದ ವೀಕ್ಷಕ ವಿವರಣೆ ಬಂದದ್ದು ದೊಡ್ಡ ಸಂಗತಿ. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿ ಅವರಂತೆ ರಾಜ್ಯಕ್ಕೆ ಆಡಿದವರು ಮೈಕಿನ ಮುಂದಿದ್ದಾರೆ. ನಿಧಾನದ ಚೆಂಡು ಯಾಕೆ ಹಾಕಿದ ಎಂದು ಅವರು ಬಿಡಿಸಿ ಹೇಳಿದಾಗ ಇಂಗ್ಲಿಷ್ ಬಾರದ ನಮ್ಮ ಹಿರಿಯರೂ ಮುಂದಕ್ಕೆ ಬಾಗಿ ಕೇಳುತ್ತಾರೆ. ಆದರೆ ಪೆಟಿಎಂ, ಪೆಟ್ರೋಲು, ಪಾನ್ ಮಸಾಲೆಗಳ ಜಾಹೀರಾತಿನ ನಡುವೆ ಸಿಕ್ಕ ಅರೆನಿಮಿಷದಲ್ಲೂ ಘೋಷಣೆ ಕೂಗಿದರೆ ಆ ಅನುಭವ ಯಾರಿಗೆ ಉಪಯೋಗ?

2025ರ ಜೂನ್ 3ರಂದು ಆರ್‌ಸಿಬಿಗೆ ಕಪ್ ಬಂತು. ಪಂಜಾಬ್ ಎದುರು 6 ರನ್ನಿನ ಗೆಲುವು. ಕೃಣಾಲ್ ಪಾಂಡ್ಯ ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದರು. ಕಣ್ಣು ತುಂಬಿ ಬಂತು. ಆದರೂ ಆ ನಾಲ್ಕು ಓವರಿಗೆ ನಾಯಕ ರಜತ್ ಪಾಟೀದಾರ್ ಯಾರನ್ನು ಎಲ್ಲಿ ನಿಲ್ಲಿಸಿದ್ದರು ಎಂದು ಮರುದಿನ ಪಕ್ಕದ ಮನೆಯ ಹುಡುಗ ಕೇಳಿದಾಗ ನನಗೆ ಹೇಳಲಾಗಲಿಲ್ಲ. ಪ್ರತಿ ಓವರಿಗೆ ಮುಂಚೆ ಹತ್ತು ಸೆಕೆಂಡು, ಇಡೀ ಮೈದಾನವನ್ನು ಮೇಲಿನಿಂದ ತೋರಿಸಿ, ಫೀಲ್ಡ್ ಹೇಗಿದೆ ಎಂದು ಕನ್ನಡದಲ್ಲಿ ಹೇಳಲಿ. ನಾನು ಕೇಳುತ್ತಿರುವುದು ಇಷ್ಟೇ.