ಕಲ್ಯಾಣದ ಎದುರುಮಾತು

ಜಗತ್ತಿನ ಪ್ರಸಿದ್ಧ ಭಾಷಣಗಳ ಯಾವ ಸಂಕಲನ ಕೈಗೆತ್ತಿಕೊಂಡರೂ 1947ರ ಆಗಸ್ಟ್ 14ರ ನಡುರಾತ್ರಿ ನೆಹರೂ ಸಂವಿಧಾನ ಸಭೆಯಲ್ಲಿ ಆಡಿದ ಮಾತು ಅದರಲ್ಲಿ ಸಿಗುತ್ತದೆ. ಆ ರಾತ್ರಿ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಿನ ಜನ ಹೈದರಾಬಾದ್ ನಿಜಾಮರ ಪ್ರಜೆಗಳಾಗಿ ಮಲಗಿದರು, ಬೆಳಗ್ಗೆ ನಿಜಾಮರ ಪ್ರಜೆಗಳಾಗಿಯೇ ಎದ್ದರು. ದಿಲ್ಲಿಯ ಮಾತು ಈ ಸೀಮೆಯ ಪಾಲಿಗೆ ನಿಜವಾಗಲು ಇನ್ನೂ ಹದಿಮೂರು ತಿಂಗಳು ಹಿಡಿಯಿತು. ಆ ನಡುವೆ, 1948ರ ಮೇ ತಿಂಗಳಲ್ಲಿ, ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ ನಿಜಾಮರ ಪರ ನಿಂತ ಖಾಸಗಿ ಪಡೆಯ ರಜಾಕಾರರು ಹೆಣಗಳ ರಾಶಿ ಹಾಕಿದರು.

ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಗಡಿ ದಾಟಿತು. ಮರುದಿನವೇ ಹುಮನಾಬಾದಿಗೆ ಬರುವ ಹೆದ್ದಾರಿಯ ಮೇಲಿನ ರಾಜೇಶ್ವರ ಮುಟ್ಟಿತು. 17ರಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರೇಡಿಯೋದಲ್ಲಿ ಮಾತಾಡಿ, ಕದನ ನಿಲ್ಲಿಸಿದ ಸುದ್ದಿ ತಿಳಿಸಿದರು. 23ರಂದು ಮತ್ತೊಮ್ಮೆ ಮಾತಾಡಿದಾಗ, ಸಣ್ಣ ಗುಂಪೊಂದು ತಮ್ಮ ಪ್ರಧಾನಿ ಛತಾರಿ ನವಾಬರ ಮನೆಯನ್ನು ಸುತ್ತುವರಿದ ಕಥೆ ಹೇಳಿ, ಹೊಣೆಯನ್ನೆಲ್ಲ ಆ ಗುಂಪಿನ ತಲೆಗೆ ಕಟ್ಟಿದರು. ಮಾತಿನ ಸೊಗಸು ನೋಡುವವರಿಗೆ ಈ ಎರಡು ಪ್ರಸಾರಗಳಲ್ಲಿ ಏನೂ ಸಿಗದು. ಆದರೂ ಬೀದರ ಜಿಲ್ಲೆಯ ಮನೆಮನೆಯ ಬದುಕನ್ನು ತಿರುಗಿಸಿದ ಭಾಷಣ ಯಾವುದೆಂದು ಕೇಳಿದರೆ, ನೆಹರೂ ಅವರದಕ್ಕಿಂತ ಮೊದಲು 17ರ ಆ ಸಪ್ಪೆ ಪ್ರಸಾರವನ್ನೇ ಹೆಸರಿಸಬೇಕು.

ಅದೇ ನಿಜಾಮರ ಆಳ್ವಿಕೆಯಲ್ಲಿ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆಯಿತ್ತು. ಸಾರ್ವಜನಿಕ ಸಭೆ ಸೇರಬೇಕಾದರೆ ಸರಕಾರದ ಅಪ್ಪಣೆ ಬೇಕು ಎಂಬುದು ಅದರ ತಿರುಳು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು ಆ ಕಾಲದಲ್ಲೇ. ಬಾಯಿ ತೆರೆಯಲು ಚೀಟಿ ಬೇಕಾಗಿದ್ದ ಈ ನೆಲ, ಎಂಟುನೂರು ವರ್ಷಗಳ ಹಿಂದೆ ಯಾರು ಬೇಕಾದರೂ ಬಾಯಿ ತೆರೆಯಬಹುದಾಗಿದ್ದ ಸಭೆಯ ನೆಲವೂ ಹೌದು.

ಆ ಸಭೆಯೇ ಬಸವಣ್ಣ ಮತ್ತು ಶರಣರ ಅನುಭವ ಮಂಟಪ. ಅದಕ್ಕೂ ಮೊದಲು ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಮಾತಿಗೆ ಬೆಲೆ ಇರಲಿಲ್ಲ ಎನ್ನುವಂತಿಲ್ಲ. ಇಲ್ಲಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಪಂಡಿತರ ವಾದವನ್ನು ‘ಶಾಸ್ತ್ರವಿನೋದ’ವೆಂದು ಅರಸನ ವಿನೋದಗಳ ಸಾಲಿಗೆ ಸೇರಿಸಿದ್ದಾನೆ. ಅಲ್ಲಿ ಪಂಡಿತರು ಮಾತಾಡಬೇಕು, ಅರಸ ಸವಿಯಬೇಕು. ಕೆಲವೇ ದಶಕಗಳಲ್ಲಿ ಅದೇ ಊರಿನಲ್ಲಿ ಅಂಗಳದ ಅಕ್ಕಿ ಆಯುವವರ ಮಾತನ್ನು ಮಂತ್ರಿ ಬಸವಣ್ಣನವರು ಕೇಳಿಸಿಕೊಳ್ಳುವಂತಾಯಿತು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಪ್ರಸಂಗ ಎಲ್ಲರೂ ಬಲ್ಲದ್ದು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅಂಗಳದಲ್ಲಿ ಅಕ್ಕಿ ಹೆಚ್ಚು ಚೆಲ್ಲಿತ್ತು, ಗಂಟೂ ದೊಡ್ಡದಾಯಿತು. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಷ್ಟೊಂದು ಯಾಕೆ, ನಮಗೆ ದಿನಕ್ಕೆ ಬೇಕಾದದ್ದು ಎಷ್ಟು ಎಂದು ಕೇಳಿ, ಮಿಕ್ಕಿದ್ದನ್ನು ಅಲ್ಲೇ ಸುರಿದು ಬರಲು ಗಂಡನನ್ನು ಕಳಿಸಿದರು. ವೇದಿಕೆಯಿಲ್ಲ, ಚಪ್ಪಾಳೆಯಿಲ್ಲ. ಕೇಳುವವರು ಒಬ್ಬರೇ. ದುರಾಸೆಯ ಮೇಲೆ ಗಂಟೆಗಟ್ಟಲೆ ನಡೆದ ಉಪನ್ಯಾಸಗಳು ಮರೆತುಹೋಗುತ್ತವೆ, ಅಡಿಗೆಮನೆಯ ಹೊಸ್ತಿಲಲ್ಲಿ ಆಡಿದ ಈ ನಾಲ್ಕು ಮಾತು ಉಳಿದಿದೆ. ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮಾತಾಡಿದ್ದು ಎರಡೇ ನಿಮಿಷ. ಅವರಿಗಿಂತ ಮೊದಲು ಎಡ್ವರ್ಡ್ ಎವರೆಟ್ ಎರಡು ತಾಸು ಮಾತಾಡಿದ್ದರು. ಕಿರಿದರಲ್ಲಿ ಹೇಳುವ ಕಸುಬು ಲಕ್ಕಮ್ಮನವರಿಗೆ ಬಹಳ ಮೊದಲೇ ಕರಗತವಾಗಿತ್ತು.

ಇನ್ನು ತುಂಬಿದ ಸಭೆಯ ಮಾತು ಬೇಕೆಂದರೆ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬರುವ ಭಾಗ ಓದಬೇಕು, ಅದೂ ಗಟ್ಟಿಯಾಗಿ. ಉಡುತಡಿಯಿಂದ ನಡೆದು ಬಂದ ಹೆಣ್ಣುಮಗಳು. ಕೂದಲೇ ಹೊದಿಕೆ. ಸಭೆಯ ಹಿರಿಯರಾದ ಅಲ್ಲಮಪ್ರಭುಗಳು ಬನ್ನಿ, ಕುಳಿತುಕೊಳ್ಳಿ ಎನ್ನುವುದಿಲ್ಲ. ನಿನ್ನ ಗಂಡ ಯಾರು ಎಂದು ಕೇಳುತ್ತಾರೆ. ಅಕ್ಕ ಚೆನ್ನಮಲ್ಲಿಕಾರ್ಜುನನ ಹೆಸರು ಹೇಳುತ್ತಾರೆ. ಅಷ್ಟಕ್ಕೆ ಪ್ರಭುಗಳು ಬಿಡುವುದಿಲ್ಲ. ಸೀರೆ ತೊರೆದ ಮೇಲೆ ಕೂದಲಿನಿಂದ ಮರೆಮಾಡಿಕೊಂಡದ್ದು ಯಾಕೆ ಎಂಬುದು ಮುಂದಿನ ಪ್ರಶ್ನೆ. ಇಲ್ಲಿ ಓದುಗರ ಉಸಿರು ಹಿಡಿಯುತ್ತದೆ. ಅಕ್ಕ ಕೆರಳುವುದಿಲ್ಲ, ಅಳುವುದಿಲ್ಲ. ಹಣ್ಣು, ಸಿಪ್ಪೆಯ ಹೋಲಿಕೆ ಹಿಡಿದು, ನೋಡುವ ನಿಮಗೆ ನೋವಾಗಬಾರದೆಂದು ಮುಚ್ಚಿಕೊಂಡೆ ಎಂದು ಉತ್ತರಿಸುತ್ತಾರೆ. ನಾಚಿಕೆ ಯಾರದು ಎಂಬ ಪ್ರಶ್ನೆ ಆ ಕ್ಷಣವೇ ಸಭೆಯ ಕಡೆಗೆ ತಿರುಗುತ್ತದೆ. ಕೊನೆಗೆ ಪ್ರಶ್ನೆ ಕೇಳಿದವರೇ ಅಕ್ಕನ ನಿಲುವನ್ನು ಕೊಂಡಾಡುತ್ತಾರೆ.

ಇವೆಲ್ಲ ನಡೆದ ಹಾಗೆಯೇ ಬರೆದಿಟ್ಟ ವರದಿಗಳಲ್ಲ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಶೂನ್ಯಸಂಪಾದನೆ ಕಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ಶರಣರು ಹೋಗಿ ಇನ್ನೂರೈವತ್ತು ವರ್ಷ ಕಳೆದ ಮೇಲೆ. ಬಿಡಿ ವಚನಗಳನ್ನು ಪ್ರಶ್ನೋತ್ತರದ ದಾರದಲ್ಲಿ ಪೋಣಿಸಿದ ಕೆಲಸ ಅದು. ಇದರಿಂದ ಮಾತಿನ ತೂಕ ಕಡಿಮೆಯಾಗದು. ಅಥೆನ್ಸಿನ ಪೆರಿಕ್ಲಿಸನ ಶ್ರದ್ಧಾಂಜಲಿ ಭಾಷಣವನ್ನು ನಮಗೆ ಉಳಿಸಿಕೊಟ್ಟ ಥುಸಿಡಿಡೀಸನೂ, ಭಾಷಣಗಳ ಮಾತು ಇದ್ದಹಾಗೆ ನೆನಪಿಡುವುದು ಕಷ್ಟ, ಸಂದರ್ಭಕ್ಕೆ ಒಪ್ಪುವಂತೆ ಬರೆದಿದ್ದೇನೆ ಎಂದು ಒಪ್ಪಿಕೊಂಡವನೇ. ವ್ಯತ್ಯಾಸ ಬೇರೆಡೆ ಇದೆ. ಪೆರಿಕ್ಲಿಸ್ ಮಾತಾಡುವಾಗ ಅಥೆನ್ಸ್ ಸುಮ್ಮನೆ ನಿಂತು ಕೇಳಿತು. ಕಲ್ಯಾಣದಲ್ಲಿ ಕೇಳುವವರಿಗೂ ಸರದಿ ಇತ್ತು. ಒಬ್ಬರ ಹೆಸರಿಗೆ ಬರೆಯಲಾಗದ ಇಂಥ ಮಾತನ್ನು ಭಾಷಣ ಸಂಕಲನಗಳು ಬಿಟ್ಟುಬಿಡುತ್ತವೆ, ಅದು ಅವುಗಳ ದೊಡ್ಡ ಕೊರತೆ.

ಹುಮನಾಬಾದ್ ಬೇರೆ ದಾರಿ ಹಿಡಿಯಿತು, ಅಲ್ಲಿ ಮಾತು ಹಾಡಾಯಿತು. ಬಸವಕಲ್ಯಾಣದ ಪಕ್ಕದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆಸಿ, ಎಲ್ಲ ಮತಗಳೂ ತಮ್ಮವೇ ಎಂಬ ಸಕಲಮತ ಸಂಪ್ರದಾಯವನ್ನು ಕನ್ನಡ, ಮರಾಠಿ, ಹಿಂದಿ ಪದಗಳಲ್ಲಿ ಹಾಡಿದರು. ದತ್ತ ಜಯಂತಿಯ ದರಬಾರಿನಲ್ಲಿ ಇಂದಿಗೂ ಸಂಗೀತಗಾರರು ಹಾಡಿ ಹೋಗುತ್ತಾರೆ.

ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. ಅಮರಗಣಂಗಳೆನಿಸಿದ 770 ಶರಣರ ನೆನಪಿಗೆ 770 ಕಂಬ. ಅಷ್ಟು ದೊಡ್ಡ ಸಭೆಯಲ್ಲಿ ಕೆಳಗೆ ಕುಳಿತವರ ಕೈಗೂ ಒಂದು ಮೈಕು ಸಿಗಬೇಕು, ಮೇಲೆ ಕುಳಿತವರು ಉತ್ತರ ಕೊಡುವ ತನಕ ಏಳಬಾರದು. ನವೆಂಬರ್ ಕೊನೆಗೆ ಶರಣ ಕಮ್ಮಟಕ್ಕೆಂದು ಈ ಊರಿಗೆ ಹೋಗುವವರು ಹಿಂದಿನ ರಾತ್ರಿ ಅಕ್ಕ, ಅಲ್ಲಮರ ಸಂವಾದವನ್ನು ಇಬ್ಬರು ಕೂಡಿ ಓದಿಕೊಳ್ಳಲಿ, ಒಬ್ಬರು ಪ್ರಶ್ನೆ, ಇನ್ನೊಬ್ಬರು ಉತ್ತರ. ಬೆಳಗ್ಗೆ ಬಸವಣ್ಣನವರ ನೆನಪಿನ ಪರುಷಕಟ್ಟೆಯ ಹತ್ತಿರ ನಿಂತಾಗ ಆ ಎರಡು ದನಿಗಳು ಕಿವಿಯಲ್ಲಿ ಇನ್ನೂ ಇರುತ್ತವೆ.