ಕ್ಯಾಮ್ ಇಲ್ಲದ ಎಂಜಿನ್ನಿಗೆ ಸಂಪೀಡನ ಎಲ್ಲಿಂದ ಬಂತು?

ಮೋಟಾರ್‌ಸೈಕಲ್ಲಿನ ಕ್ಯಾಮ್‌ಶಾಫ್ಟನ್ನು ಮನೆಯಲ್ಲೇ ಬದಲಿಸಲು ಹೊರಟವರಿಗೆ ಕೊಡುವ ಸೂಚನೆಗಳಲ್ಲಿ ಒಂದು ವಾಕ್ಯ ಆಗಾಗ ಕಾಣಿಸುತ್ತದೆ: ಹೊಸ ಕ್ಯಾಮ್ ಕೂರಿಸುವ ಮೊದಲು ಪಿಸ್ಟನ್ ಸಂಪೀಡನ ಹೊಡೆತದ ಮೇಲ್ತುದಿಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಗ್ಯಾರೇಜಿನಲ್ಲೂ ಇದನ್ನೇ ಹೇಳುತ್ತಾರೆ. ಭೌತವಿಜ್ಞಾನ ಓದಿದವರೂ ಇದನ್ನು ಪ್ರಶ್ನಿಸುವುದಿಲ್ಲ. ಬಹುಪಾಲು ಸಣ್ಣ ಬೈಕುಗಳ ಮಟ್ಟಿಗೆ ಈ ವಾಕ್ಯಕ್ಕೆ ಅರ್ಥವೇ ಇಲ್ಲ. ಆದರೂ ಅದು ಏಕೆ ಉಳಿದುಕೊಂಡಿದೆ ಎಂದು ಹುಡುಕುತ್ತ ಹೋದರೆ, ನಮ್ಮ ತರಗತಿಗಳ ಗೋಡೆಯ ಮೇಲಿರುವ ಒಂದು ಚಿತ್ರದ ಮುಂದೆ ಬಂದು ನಿಲ್ಲುತ್ತೇವೆ.

ಉದಾಹರಣೆಗೆ ನಮ್ಮ ರಸ್ತೆಗಳಿಗೆ ಬಹಳ ಪರಿಚಿತವಾದ ಎಂಜಿನ್ ಒಂದನ್ನು ತೆಗೆದುಕೊಳ್ಳೋಣ. ಹೀರೋ ಹೋಂಡಾ ಕಂಪನಿ 1985ರಲ್ಲಿ ಸಿಡಿ 100 ಬೈಕನ್ನೂ 1994ರಲ್ಲಿ ಸ್ಪ್ಲೆಂಡರನ್ನೂ ಮಾರುಕಟ್ಟೆಗೆ ತಂದಿತು. ಸಿಲಿಂಡರಿನ ವ್ಯಾಸ 50 ಮಿ.ಮೀ., ಪಿಸ್ಟನ್ನಿನ ಓಡಾಟ 49.5 ಮಿ.ಮೀ. ಗುಣಿಸಿ ನೋಡಿ, 97.2 ಘನ ಸೆಂ.ಮೀ. ಬರುತ್ತದೆ. ಎರಡೇ ಕವಾಟಗಳು, ಹೆಡ್‌ನೊಳಗೆ ಒಂದೇ ಕ್ಯಾಮ್‌ಶಾಫ್ಟ್. ಕ್ರ್ಯಾಂಕ್‌ನಿಂದ ಒಂದು ಸಣ್ಣ ಚೈನ್ ಅದನ್ನು ತಿರುಗಿಸುತ್ತದೆ. ಕ್ಯಾಮ್ ಸ್ಪ್ರಾಕೆಟ್ಟಿಗೆ ಕ್ರ್ಯಾಂಕ್ ಸ್ಪ್ರಾಕೆಟ್ಟಿನ ಎರಡರಷ್ಟು ಹಲ್ಲುಗಳಿರುವುದರಿಂದ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರುತ್ತದೆ.

ಈಗ ಆ ಚಿತ್ರಕ್ಕೆ ಬರೋಣ. ನಾಲ್ಕು ಚೌಕಗಳು, ಹೀರಿಕೆ, ಸಂಪೀಡನ, ಶಕ್ತಿ, ನಿಷ್ಕಾಸ. ಪ್ರತಿ ಚೌಕದಲ್ಲೂ ಪಿಸ್ಟನ್, ಕ್ರ್ಯಾಂಕ್, ಎರಡು ಕವಾಟಗಳು. ಕವಾಟಗಳು ತಾವಾಗಿಯೇ ತೆರೆದು ಮುಚ್ಚುತ್ತವೆ. ಅವನ್ನು ಒತ್ತುವ ಕ್ಯಾಮ್ ಅನೇಕ ಪುಸ್ತಕಗಳ ಚಿತ್ರದಲ್ಲಿ ಇರುವುದೇ ಇಲ್ಲ. ಹೀಗಾಗಿ ‘ಸಂಪೀಡನ’ ಎನ್ನುವುದು ಪಿಸ್ಟನ್ನಿನ ಗುಣ ಎಂಬ ಭಾವನೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಸದ್ದಿಲ್ಲದೆ ಕೂತುಬಿಡುತ್ತದೆ. ಪಿಸ್ಟನ್ ಒಂದು ಸಲ ಸಂಪೀಡಿಸಲು ಮೇಲೇರುತ್ತದೆ, ಇನ್ನೊಂದು ಸಲ ಹೊಗೆ ತಳ್ಳಲು ಮೇಲೇರುತ್ತದೆ, ಯಾವುದು ಯಾವುದೆಂದು ಅದಕ್ಕೆ ಗೊತ್ತಿದೆ ಎಂಬಂತೆ!

ಪಿಸ್ಟನ್ನಿಗೆ ಅಂಥ ನೆನಪೇನೂ ಇಲ್ಲ. ಎರಡು ಸಲವೂ ಅದು ಒಂದೇ ದಾರಿಯಲ್ಲಿ ಮೇಲೇರುತ್ತದೆ. ಫ್ಲೈವೀಲ್ ಮೇಲಿನ ‘ಟಿ’ ಗುರುತು ಎರಡು ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಕವಾಟಗಳು ಮುಚ್ಚಿದ್ದರೆ ಆ ಏರಿಕೆಯ ಹೆಸರು ಸಂಪೀಡನ, ನಿಷ್ಕಾಸ ಕವಾಟ ತೆರೆದಿದ್ದರೆ ಅದರ ಹೆಸರು ನಿಷ್ಕಾಸ. ಇದನ್ನು ನಿರ್ಧರಿಸುವುದು ಕ್ಯಾಮ್ ಮಾತ್ರ. ಕ್ಯಾಮನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟ ಮೇಲೆ ಎಂಜಿನ್ನಿನಲ್ಲಿ ಉಳಿಯುವುದು ಬರಿಯ ‘ಮೇಲ್ತುದಿ’. ಅದು ಸಂಪೀಡನದ್ದೋ ನಿಷ್ಕಾಸದ್ದೋ ಎಂದು ಕೇಳುವುದು ನಾಣ್ಯವನ್ನು ಚಿಮ್ಮುವ ಮೊದಲೇ ರಾಜನೋ ರಾಣಿಯೋ ಎಂದು ಕೇಳಿದ ಹಾಗೆ. ‘ಟಿ’ ಗುರುತನ್ನು ಸರಿಹೊಂದಿಸಿ, ಕ್ಯಾಮಿನ ಉಬ್ಬುಗಳು ರಾಕರ್‌ಗಳಿಂದ ಆಚೆಗೆ ತಿರುಗಿರುವಂತೆ, ಸ್ಪ್ರಾಕೆಟ್ ಗುರುತು ಹೆಡ್‌ನ ಗುರುತಿಗೆ ಎದುರಾಗುವಂತೆ ಕೂರಿಸಿದರೆ ಆ ಕ್ಷಣದಿಂದ ಅದೇ ಸಂಪೀಡನದ ತುದಿ.

ಕಿಡಿಯ ಗತಿ ಏನು ಎಂದು ಚುರುಕು ವಿದ್ಯಾರ್ಥಿ ಕೇಳಬಹುದು. ಈ ಎಂಜಿನ್ನಿನ ಕಾರ್ಬ್ಯುರೇಟರ್ ಮಾದರಿಗಳಲ್ಲಿ ಕಿಡಿಯ ಸಂಕೇತ ಬರುವುದು ಕ್ರ್ಯಾಂಕಿನ ತುದಿಯಲ್ಲಿರುವ ಮ್ಯಾಗ್ನೆಟ್‌ನಿಂದ. ಆದ್ದರಿಂದ ಪ್ರತಿ ಸುತ್ತಿಗೂ ಒಂದು ಕಿಡಿ ಹಾರುತ್ತದೆ. ನಿಷ್ಕಾಸದ ಕೊನೆಯಲ್ಲಿ ಹಾರಿದ ಕಿಡಿ ವ್ಯರ್ಥ, ಅಷ್ಟೇ. ಹಳೆಯ ಬುಲೆಟ್ಟಿನ ಕಥೆ ಬೇರೆ. ಅದರಲ್ಲಿ ಕಿಡಿಯ ಪಾಯಿಂಟ್‌ಗಳು ಟೈಮಿಂಗ್ ಗೇರುಗಳ ಮೂಲಕ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತಿದ್ದವು. ಕ್ಯಾಮಿಗೂ ಪಾಯಿಂಟಿಗೂ ಹೊಂದಾಣಿಕೆ ತಪ್ಪಿದರೆ ಕಿಡಿ ನಿಷ್ಕಾಸದಲ್ಲಿ ಹಾರಿ, ಎಷ್ಟು ಒದ್ದರೂ ಗಾಡಿ ಚಾಲೂ ಆಗದು. ಅಂಥ ಎಂಜಿನ್‌ಗಳಲ್ಲಿ ಈ ಸಲಹೆಗೆ ಅರ್ಥವಿದೆ.

ಹಳೆಯ ಕ್ಯಾಮನ್ನು ಬಿಚ್ಚುವಾಗ ಸಂಪೀಡನದ ತುದಿ ಹುಡುಕುವುದಕ್ಕೂ ಒಳ್ಳೆಯ ಕಾರಣವಿದೆ. ಆಗ ಎರಡೂ ಕವಾಟಗಳು ಮುಚ್ಚಿರುತ್ತವೆ, ಸ್ಪ್ರಿಂಗಿನ ಒತ್ತಡ ಕ್ಯಾಮಿನ ಮೇಲಿರುವುದಿಲ್ಲ, ಅದು ಸುಲಭವಾಗಿ ಹೊರಬರುತ್ತದೆ. ಟ್ಯಾಪೆಟ್ ಸಂದನ್ನು ಫೀಲರ್ ಗೇಜಿನಿಂದ ಅಳೆಯುವುದೂ ಅದೇ ಸ್ಥಾನದಲ್ಲಿ. ನನ್ನ ಆಕ್ಷೇಪ ಇಷ್ಟೇ: ಸೂಚನೆ ಬರೆಯುವವರು ಈ ಕಾರಣಗಳನ್ನು ಹೇಳುವುದಿಲ್ಲ. ಕಾರಣ ಬಿಟ್ಟುಹೋದ ಸೂಚನೆ ಬಿಚ್ಚುವ ಹಂತದಿಂದ ಜೋಡಿಸುವ ಹಂತಕ್ಕೆ ಜಾರಿಕೊಂಡಿದೆ. ಕ್ಯಾಮ್ ಹೊರಗಿರುವಾಗ ಸಂಪೀಡನವನ್ನು ಹುಡುಕುತ್ತ ಹುಡುಗರು ಕಿಕ್ಕರ್ ತುಳಿಯುತ್ತಾರೆ. ಕಟ್ಟಿಡದ ಟೈಮಿಂಗ್ ಚೈನ್ ಒಳಗೆ ಜಾರಿ ಕೆಳಗಿನ ಸ್ಪ್ರಾಕೆಟ್ಟಿಗೆ ಸಿಕ್ಕಿಕೊಳ್ಳುವುದು ಆಗಲೇ. (ಚೈನನ್ನು ತಂತಿಯಿಂದ ಕಟ್ಟಿಡಬೇಕು, ಬೋಲ್ಟ್ ಒಳಗೆ ಬೀಳದಂತೆ ಕಿಂಡಿಗೆ ಶುಭ್ರವಾದ ಬಟ್ಟೆ ತುರುಕಬೇಕು.)

ಚಿತ್ರದ ಎರಡನೆಯ ದೋಷ ಇನ್ನೂ ದುಬಾರಿ. ಅದರಲ್ಲಿ ಕವಾಟಗಳು ಸರಿಯಾಗಿ ತುದಿಗಳಲ್ಲೇ ತೆರೆದು ಮುಚ್ಚುತ್ತವೆ. ನಿಜವಾದ ಎಂಜಿನ್ ಮಿನಿಟಿಗೆ 8,000 ಸುತ್ತು ತಿರುಗುವಾಗ ಒಂದು ಹೊಡೆತಕ್ಕೆ ಸಿಗುವ ಸಮಯ 3.75 ಮಿಲಿಸೆಕೆಂಡ್. ಕವಾಟ ಸೆಕೆಂಡಿಗೆ 66ಕ್ಕೂ ಹೆಚ್ಚು ಸಲ ತೆರೆದು ಮುಚ್ಚಬೇಕು. ಅದಕ್ಕೂ ರಾಶಿಯಿದೆ, ಒಳಬರುವ ಗಾಳಿಗೂ ಜಡತ್ವವಿದೆ. ಆದ್ದರಿಂದ ಹೀರಿಕೆ ಕವಾಟವನ್ನು ತುಸು ಮೊದಲೇ ತೆರೆದು, ಪಿಸ್ಟನ್ ಕೆಳತುದಿ ದಾಟಿ ಹಿಂದಿರುಗುತ್ತಿರುವಾಗ ಮುಚ್ಚುತ್ತಾರೆ. ನಿಷ್ಕಾಸದ ತುದಿಯಲ್ಲಿ ಸ್ವಲ್ಪ ಹೊತ್ತು ಎರಡೂ ಕವಾಟಗಳು ತೆರೆದಿರುತ್ತವೆ. ಪಠ್ಯದ ಚಿತ್ರವನ್ನಷ್ಟೇ ನಂಬಿದವರು ಆ ಸ್ಥಾನದಲ್ಲಿ ಎರಡೂ ರಾಕರ್‌ಗಳು ಬಿಗಿಯಾಗಿರುವುದನ್ನು ಕಂಡು ಟ್ಯಾಪೆಟ್ ಕೆಟ್ಟಿದೆ ಎಂದು ಸಡಿಲಿಸುತ್ತಾರೆ.

ಒಂದು ಹಲ್ಲು ತಪ್ಪಿದರೆ ಏನಾಗುತ್ತದೆ ಎಂಬ ಲೆಕ್ಕವನ್ನು ತರಗತಿಯಲ್ಲೇ ಮಾಡಿಸಬಹುದು. ಕ್ಯಾಮ್ ಸ್ಪ್ರಾಕೆಟ್ಟಿಗೆ 28 ಹಲ್ಲು ಎಂದುಕೊಳ್ಳಿ. ಒಂದು ಹಲ್ಲಿಗೆ ಕ್ಯಾಮಿನಲ್ಲಿ 12.9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 25.7 ಡಿಗ್ರಿ. ಇಷ್ಟು ತಪ್ಪಿದರೂ ಎಂಜಿನ್ ಓಡಬಹುದು, ಆದರೆ ಎಳೆತ ಸಾಲದು. ಕೆಲವು ಎಂಜಿನ್‌ಗಳಲ್ಲಿ ಪಿಸ್ಟನ್ನಿಗೆ ತಾಗಿ ಕವಾಟ ಬಾಗುತ್ತದೆ. ಹಾಗಾಗಿ ಎಲ್ಲ ಜೋಡಿಸಿದ ಮೇಲೆ ಕಿಕ್ ಹೊಡೆಯುವ ಮೊದಲು ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ, ಎರಡು ಗುರುತುಗಳೂ ಮತ್ತೆ ಕೂಡುತ್ತವೆಯೇ ನೋಡಬೇಕು. ಏಕೆ ಎರಡು ಸುತ್ತು, ಒಂದೇಕೆ ಸಾಲದು? ಇದು ಪರೀಕ್ಷೆಯಲ್ಲಿ ಕೇಳಲು ಯೋಗ್ಯವಾದ ಪ್ರಶ್ನೆ.

ಚಿತ್ರ ಬರೆದವರನ್ನು ಪೂರ್ತಿ ದೂರುವಂತಿಲ್ಲ. ಆಟೋ 1876ರಲ್ಲಿ ಮಾಡಿದ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಹೀರಿಕೆಗೆ ಇದ್ದದ್ದು ಜಾರುವ ಕವಾಟ. ಆನಂತರದ ಅನೇಕ ಆರಂಭಿಕ ವಾಹನಗಳಲ್ಲಿ ಹೀರಿಕೆ ಕವಾಟ ನಿಜಕ್ಕೂ ತಾನಾಗಿಯೇ ತೆರೆಯುತ್ತಿತ್ತು; ಪಿಸ್ಟನ್ ಇಳಿದಾಗ ಉಂಟಾಗುವ ಕಡಿಮೆ ಒತ್ತಡವೇ ಅದನ್ನು ಎಳೆಯುತ್ತಿತ್ತು, ಕ್ಯಾಮ್ ಇದ್ದುದು ನಿಷ್ಕಾಸಕ್ಕೆ ಮಾತ್ರ. ವೇಗ ಹೆಚ್ಚಿದಂತೆ ಆ ಉಪಾಯ ಸೋತಿತು. ನಮ್ಮ ಚಿತ್ರ ಮಾತ್ರ ಅಲ್ಲೇ ಉಳಿದಿದೆ.

ಕ್ಯಾಮ್ ಸವೆಯುವುದೇಕೆ ಎಂಬುದಕ್ಕೂ ಆ ಚೌಕಗಳಲ್ಲಿ ಜಾಗವಿಲ್ಲ. ಚಾಲೂ ಮಾಡಿದಾಗ ಎಣ್ಣೆ ತಡವಾಗಿ ತಲುಪುವ ಭಾಗಗಳಲ್ಲಿ ಹೆಡ್ ಒಂದು. ಎಣ್ಣೆ ಕಡಿಮೆಯಾದರೆ ಉಬ್ಬೂ ಅದರ ಮೇಲೆ ಉಜ್ಜುವ ರಾಕರಿನ ಮುಖವೂ ಒಟ್ಟಿಗೆ ಸವೆಯುತ್ತವೆ. ಕ್ಯಾಮ್ ಮಾತ್ರ ಬದಲಿಸಿ ಗುಳಿಬಿದ್ದ ರಾಕರನ್ನು ಉಳಿಸಿಕೊಂಡರೆ ಹೊಸ ಉಬ್ಬು ಬೇಗ ಹಾಳಾಗುತ್ತದೆ. ಸವೆದ ಕ್ಯಾಮನ್ನು ಗ್ಯಾರೇಜಿನವರು ಗುಜರಿಗೆ ಹಾಕುತ್ತಾರೆ. ಅಂಥ ಒಂದನ್ನು ಕೇಳಿ ತಂದು ಶಾಲೆಯ ವರ್ನಿಯರ್ ಕ್ಯಾಲಿಪರಿಗೆ ಕೊಡಿ. ಉಬ್ಬಿನ ತುದಿಯಿಂದ ಎದುರು ಬದಿಯವರೆಗಿನ ಅಳತೆಯಿಂದ ಬುಡದ ವೃತ್ತದ ವ್ಯಾಸವನ್ನು ಕಳೆದರೆ ಉಬ್ಬಿನ ಎತ್ತರ ಸಿಗುತ್ತದೆ. ಹೀರಿಕೆಯ ಉಬ್ಬು, ನಿಷ್ಕಾಸದ ಉಬ್ಬು ಎರಡನ್ನೂ ಅಳೆದು, ಅವುಗಳ ತುದಿಗಳ ನಡುವಿನ ಕೋನವನ್ನು ಕೋನಮಾಪಕದಿಂದ ಓದಿ. ಆ ಕೋನವನ್ನು ಗೋಡೆಯ ಚಿತ್ರದ ಕೆಳಗೆ ಬರೆಯಿರಿ.